ಹತ್ತುವವನ ಜೇಬಿನ ಕೀಲಿ

…ಮೋಡವಿತ್ತು ಎಂದು ಬರೆಯಲು ಹೊರಟಿದ್ದೆ. ಆದರೆ ಮೋಡವಿದ್ದಿದ್ದರೆ ಸ್ವಿಚ್ಚಿನ ಹಿಡಿ ಬಿಸಿಲಿಗೆ ಮಿಂಚಿದ್ದು ನನಗೆ ಕಾಣುವುದು ಹೇಗೆ? ಮಿಂಚಿದ್ದು ಕಂಡಿತು ಎಂಬುದರ ಮೇಲೆಯೇ ಮುಂದಿನದೆಲ್ಲ ನಿಂತಿದೆ. ಹಾಗಾಗಿ ಮೋಡವನ್ನು ತೆಗೆದುಬಿಡುತ್ತೇನೆ. ತೆಗೆದ ಕೂಡಲೇ ಇನ್ನೊಂದು ಅನುಮಾನ. ಬೆವರು ನೆನಪಿದೆ, ಟವಲು ನೆನಪಿದೆ, ಕಂಬದ ನೆರಳು ನೆನಪಿಲ್ಲ. ಬಿಸಿಲಿದ್ದರೆ ನೆರಳು ನನ್ನ ಕಾಲ ಮೇಲೆಯೇ ಬಿದ್ದಿರಬೇಕು.

ಅನುಮಾನವಿಲ್ಲದ್ದನ್ನು ಮೊದಲು ಬರೆಯುತ್ತೇನೆ. ನಾನು ವಿದ್ಯುತ್ ಲೈನಿನ ಮೇಸ್ತ್ರಿ. ಹನೂರಿನಿಂದಾಚೆ ಅಜ್ಜೀಪುರ, ರಾಮಾಪುರದ ಕಡೆಯ ಲೈನುಗಳು ನಮ್ಮ ಸೆಕ್ಷನ್ನಿನವು. ಆ ಸಲ ಹೊಸದಾಗಿ ಸೇರಿದವರಲ್ಲಿ ಇಬ್ಬರನ್ನು ನಮಗೆ ಕೊಟ್ಟರು. ಒಬ್ಬ ವಿಜಯಪುರದ ಕಡೆಯವನು, ಇನ್ನೊಬ್ಬ ಯಳಂದೂರಿನ ಹತ್ತಿರದ ಹಳ್ಳಿಯವನು. ಕೊಳ್ಳೇಗಾಲದ ಆಫೀಸಿನಲ್ಲಿ ಅವರನ್ನು ನನಗೆ ಒಪ್ಪಿಸಿದ ನಮ್ಮ ಸೆಕ್ಷನ್ ಸಾಹೇಬರು ಒಂದೊಂದು ಹಾಳೆಯನ್ನೂ ಕೊಟ್ಟರು. ಹದಿನೈದು ದಿನ ಜೊತೆಗಿಟ್ಟುಕೊಂಡು ಕೆಲಸ ತೋರಿಸಬೇಕು. ಕೊನೆಗೆ, ಸ್ವತಂತ್ರವಾಗಿ ಕೆಲಸ ಮಾಡಲು ಯೋಗ್ಯ ಎಂಬ ಸಾಲಿನ ಎದುರು ನಾನು ಸಹಿ ಹಾಕಬೇಕು. ಸಹಿ ಬಿದ್ದ ಮಾರನೆಯ ದಿನದಿಂದ ಅವನು ನಾನಿಲ್ಲದೆ ಕಂಬ ಹತ್ತುತ್ತಾನೆ.

"ಬೇಗ ರೆಡಿ ಮಾಡಿ ಮೇಸ್ತ್ರಿ, ರಾಮಾಪುರದ ಕಡೆ ಜನ ಇಲ್ಲ" ಎಂದರು ಸಾಹೇಬರು.

ನಾನು ಹಾಳೆಗಳನ್ನು ಮಡಚಿ ಜೇಬಿಗಿಟ್ಟುಕೊಂಡೆ. ಅಂದಿನಿಂದ ದಿನವೂ ಅವು ಅಲ್ಲೇ ಇದ್ದವು. ಬೆವರಿಗೆ ನೆನೆದು ಮಡಿಕೆಯ ಜಾಗದಲ್ಲಿ ಹರಿಯತೊಡಗಿದವು.

ವಿಜಯಪುರದವನು ಎತ್ತರದ ಆಳು. ಬಟ್ಟೆಯಲ್ಲಿ ಕಟ್ಟಿದ, ಒಣಗಿಸಿದ ಜೋಳದ ಕಟಿ ರೊಟ್ಟಿಯ ಗಂಟಿನ ಜೊತೆಗೆ ಬಂದಿದ್ದ. ಕಂಡದ್ದನ್ನೆಲ್ಲ ಕೇಳುತ್ತಿದ್ದ. ಯಾಕ್ರಿ, ಹೆಂಗ್ರಿ, ಹಂಗ ಮಾಡಿದ್ರ ಏನಾಗ್ತೈತ್ರಿ. ಯಳಂದೂರಿನವನು ದಿನಾ ಮೊದಲ ಬಸ್ಸಿಗೆ ಬಂದು ಆಫೀಸಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಏನು ಹೇಳಿದರೂ "ಆಯ್ತು ಸಾ" ಎನ್ನುತ್ತಿದ್ದ. ಎಲ್ಲರಿಗೂ ಅವನೇ ಇಷ್ಟ. ನನಗೆ ಅವನ ಬಗ್ಗೆಯೇ ಭಯ. ಆಯ್ತು ಎನ್ನುವವನಿಗೆ ಅರ್ಥವಾಗಿದೆಯೋ ಇಲ್ಲವೋ ತಿಳಿಯಲು ದಾರಿ ಇಲ್ಲ.

ನನ್ನ ಎಡಗೈಯ ಕೊನೆಯ ಎರಡು ಬೆರಳು ಮಡಚುವುದಿಲ್ಲ. ಹೊಸಬರು ಬಂದ ಮೊದಲ ದಿನವೇ ಅದನ್ನು ತೋರಿಸುತ್ತೇನೆ. ನಾನು ಸೇರಿದ ವಾರ ಯಾರೂ ಏನೂ ಹೇಳಿಕೊಡಲಿಲ್ಲ, ಹಗ್ಗ ಕೈಗೆ ಕೊಟ್ಟು ಹತ್ತು ಎಂದರು, ಆಗ ಆದದ್ದು ಎನ್ನುತ್ತೇನೆ. ಅದು ನಿಜ. ಆದರೆ ಹೇಳುವಾಗ ಕಂಬದ ಊರು ಬದಲಾಗುತ್ತಿರುತ್ತದೆ. ಯಾವ ಕಂಬವೆಂದು ನನಗೇ ಗೊತ್ತಿಲ್ಲ. ಪ್ರಜ್ಞೆ ಬಂದಾಗ ಆಸ್ಪತ್ರೆಯಲ್ಲಿದ್ದೆ.

ವಿಜಯಪುರದವನು ಅದನ್ನೂ ಹಿಡಿದ. "ಸರ, ಮುಂಜಾನಿ ಅಜ್ಜೀಪುರದಾಗ ಆತು ಅಂದ್ರಿ. ಈಗ ಹನೂರ ಅಂತೀರಲ್ರೀ?"

"ಬೆರಳು ಅದೇ ಅಲ್ವೇನ್ಲಾ?"

"ಬೆರಳ ಅವೇ ಅದಾವ್ರಿ."

"ಹಂಗಾದ್ರೆ ಬುಡು."

ಯಳಂದೂರಿನವನು ನಗಲಿಲ್ಲ. ನನ್ನ ಬೆರಳುಗಳನ್ನೇ ನೋಡುತ್ತಿದ್ದ.

ಮೊದಲ ನಾಲ್ಕೈದು ದಿನ ಕೊಳ್ಳೇಗಾಲದ ಸ್ಟೋರಿನ ಅಂಗಳದಲ್ಲಿ ಕಳೆದೆವು. ಅಲ್ಲಿ ಎಲ್ಲಿಗೂ ತಂತಿ ಎಳೆಯದ ಒಂದು ಕಂಬವಿದೆ. ಬೆಲ್ಟು ಹಾಕುವುದು, ಹಗ್ಗದ ಗಂಟು, ಉಪಕರಣದ ಚೀಲವನ್ನು ಯಾವ ಬದಿಗೆ ನೇತುಹಾಕಬೇಕು, ಎಲ್ಲ ಅಲ್ಲಿಯೇ. ಇದರ ಜೊತೆಗೆ ನಾನು ನನ್ನದೇ ಒಂದು ಅಭ್ಯಾಸ ಮಾಡಿಸುತ್ತಿದ್ದೆ. ಕೊರಳಿಗೆ ದಾರದಲ್ಲಿ ಒಂದು ಸೀಟಿ ಕಟ್ಟಿಕೊಂಡಿರುತ್ತೇನೆ.

"ಸೀಟಿ ಊದಿದ್ ತಕ್ಷಣ ಎರಡೂ ಕೈ ಬುಟ್ಬುಟ್ಟು ಕತ್ತಿನ ಇಂದೆ ಕಟ್ಕಂಡು ಬೆಲ್ಟಿಗೆ ಒರಗಬೇಕು. ಯಾಕೆ ಅಂತ ಕೇಳ್ಬಾರ್ದು. ಇಳಿದ್ಮೇಲೆ ಕೇಳು."

"ಬೀಳಂಗಿಲ್ಲೇನ್ರಿ?"

"ಬೆಲ್ಟು ಇಡ್ಕಂಡಿರ್ತದೆ ಕಣ್ಲಾ. ಕರೆಂಟು ಇಡ್ಕಂಡ್ರೆ ಮಾತ್ರ ಬುಡಾಕಿಲ್ಲ."

ಮೊದಲ ಸಲ ಊದಿದಾಗ ವಿಜಯಪುರದವನು ಬೆಚ್ಚಿ ಕೈಯಲ್ಲಿದ್ದ ಪ್ಲೈಯರನ್ನು ನನ್ನ ಭುಜದ ಪಕ್ಕಕ್ಕೇ ಬೀಳಿಸಿದ. ಎರಡನೆಯ ಸಲ ಸರಿಯಾಗಿ ಕೈ ಬಿಟ್ಟ. ಮೂರನೆಯ ಸಲ, ಅವನು ಗಂಟು ಬಿಗಿಯುತ್ತಿದ್ದಾಗ ಊದಿದೆ. ಒಂದು ಕೈ ಬಿಟ್ಟ, ಇನ್ನೊಂದನ್ನು ಬಿಡಲಿಲ್ಲ. ಕೆಳಗೆ ನೋಡಿ ನಕ್ಕ.

"ಸುಮ್ಮ ಊದೀರಿ ಸರ, ಗೊತ್ತಾತ್ರಿ. ತಂತೀನ ಇಲ್ಲದ ಕಂಬಕ್ಕ ಕರೆಂಟ್ ಎಲ್ಲಿಂದ ಬರ್ತೈತ್ರಿ?"

ಅವನು ಹೇಳಿದ್ದು ಸರಿಯೇ ಇತ್ತು. ನಾನು ಬೈದೆ. ಬೈಯುವಾಗಲೇ ನನ್ನ ತಪ್ಪು ಹೊಳೆಯಿತು. ಸುಳ್ಳು ಸೀಟಿ ಊದಿ ಊದಿ ನಿಜದ ಸೀಟಿಯನ್ನು ನಾನೇ ಸವೆಸಿಬಿಟ್ಟಿದ್ದೆ. ಮತ್ತೆ ಊದಿ ಪರೀಕ್ಷಿಸಿದರೆ ಇನ್ನಷ್ಟು ಸವೆಯುತ್ತದೆ, ಊದದೆ ಬಿಟ್ಟರೆ ಅವನು ಕೈ ಬಿಡುತ್ತಾನೋ ಇಲ್ಲವೋ ಗೊತ್ತಾಗುವುದಿಲ್ಲ. ಊದದೆ ಬಿಟ್ಟೆ.

ಕಲಿಸಿದ ಇನ್ನೊಂದು ಸಂಗತಿ ಕೀಲಿಯದು. ಲೈನಿನ ನಡುವೆ ಅಲ್ಲಲ್ಲಿ, ಕಂಬದ ತುದಿಯಲ್ಲಿ ಮೂರು ತಂತಿಗಳನ್ನೂ ಒಟ್ಟಿಗೆ ಬಿಡಿಸುವ ದೊಡ್ಡ ಸ್ವಿಚ್ಚಿರುತ್ತದೆ. ಅದರ ಕಬ್ಬಿಣದ ಹಿಡಿ ಕೆಳಗೆ, ಎದೆಯ ಎತ್ತರಕ್ಕೆ. ಹಿಡಿಯನ್ನು ಕೆಳಗೆಳೆದರೆ ಅಲ್ಲಿಂದಾಚೆಯ ಲೈನು ಸತ್ತಿತು, ಮೇಲೆತ್ತಿದರೆ ಬದುಕಿತು. ಕೆಳಗೆಳೆದ ಹಿಡಿಗೆ ಬೀಗ ಹಾಕಬೇಕು. ಆ ಕೀಲಿ ಹತ್ತುವವನ ಜೇಬಿನಲ್ಲಿಯೇ ಇರಬೇಕು. ಮೇಸ್ತ್ರಿಯ ಹತ್ತಿರ ಬೇಡ, ಸ್ವಿಚ್ಚು ಕಾಯುವವನ ಹತ್ತಿರವೂ ಬೇಡ. ಅವನು ಇಳಿದು ಬಂದು ತನ್ನ ಕೈಯಾರೆ ತೆಗೆಯುವವರೆಗೆ ಲೈನಿಗೆ ಜೀವ ಬರಬಾರದು. ನನ್ನ ಕೈ ಸುಟ್ಟ ಮೇಲೆ ಒಬ್ಬ ಹಿರಿಯ ಮೇಸ್ತ್ರಿ ನನಗೆ ಹೇಳಿಕೊಟ್ಟದ್ದು ಇದು. ನಮ್ಮ ಸೆಕ್ಷನ್ನಿನ ಪದ್ಧತಿ ಎಂದು ಹೆಮ್ಮೆಯಿಂದ ಹೊಸಬರಿಗೆ ಹೇಳಿದೆ.

ಹೇಳದೆ ಬಿಟ್ಟದ್ದೊಂದಿತ್ತು. ನಮ್ಮ ಸೆಕ್ಷನ್ನಿನ ಎಲ್ಲ ಸ್ವಿಚ್ಚುಗಳ ಬೀಗವೂ ಒಂದೇ ಕೀಲಿಗೆ ತೆರೆಯುತ್ತಿತ್ತು. ಹಾಗೆ ಮಾಡಿಸಿದವನು ನಾನೇ. ಹಿಂದೊಂದು ಮಳೆಗಾಲ, ಒದ್ದೆ ಕೈಯಲ್ಲಿ ಕೀಲಿಗೊಂಚಲು ಹಿಡಿದು ಸ್ವಿಚ್ಚಿಂದ ಸ್ವಿಚ್ಚಿಗೆ ಓಡಿ ಸಾಕಾಗಿ, ಒಂದೇ ಕೀಲಿಯ ಬೀಗಗಳನ್ನು ತರಿಸಿ ಎಂದು ಕೇಳಿದ್ದೆ. ತರಿಸಿದರು. ಒಳ್ಳೆಯ ಯೋಚನೆ ಎಂದು ಎಲ್ಲರೂ ಹೇಳಿದರು. ಅಂದಿನಿಂದ ನಮ್ಮ ಒಬ್ಬೊಬ್ಬ ಲೈನ್‌ಮನ್ನನ ಜೇಬಿನಲ್ಲೂ ಅದೇ ಕೀಲಿ. ಹಾಗಾದರೆ ಹತ್ತುವವನ ಜೇಬಿನಲ್ಲಿ ಕೀಲಿ ಇಡುವುದಕ್ಕೆ ಏನು ಅರ್ಥ? ಈ ಪ್ರಶ್ನೆ ಅಷ್ಟು ವರ್ಷ ನನಗೆ ಹೊಳೆಯಲೇ ಇಲ್ಲ ಎಂದು ಬರೆಯಬಹುದು. ಹೊಳೆದಿದ್ದೂ ಪಕ್ಕಕ್ಕೆ ಸರಿಸಿದ್ದೆನೇನೋ.

ಒಂಬತ್ತನೆಯ ದಿನವೋ ಹತ್ತನೆಯ ದಿನವೋ, ಅಜ್ಜೀಪುರ ದಾಟಿ ರಾಮಾಪುರದ ಕಡೆಗೆ ಹೋಗುವ ರಸ್ತೆಯ ಪಕ್ಕ, ಕಾಡಂಚಿನ ಹಳ್ಳಿಗೆ ಕವಲೊಡೆಯುವ ಲೈನಿನಲ್ಲಿ ಕಂಬದ ತುದಿಯ ಪಿಂಗಾಣಿ ಒಡೆದಿದೆ ಎಂದು ಬೆಳಗ್ಗೆ ಫೋನು ಬಂತು. ತಂತಿಯನ್ನು ಕಂಬಕ್ಕೆ ತಾಗದಂತೆ ಹೊತ್ತು ನಿಲ್ಲುವ ಪಿಂಗಾಣಿ ಅದು. ಇಬ್ಬರನ್ನೂ ಕರೆದುಕೊಂಡು ಎರಡು ಬೈಕಿನಲ್ಲಿ ಹೋದೆ. ಜೀವವಿರುವ ಲೈನಿನ ಕಡೆಯಲ್ಲಿ ಅವರಿಗೆ ಮೊದಲ ನಿಜವಾದ ಕೆಲಸ.

ಕರೆಂಟು ಬಿಡುವ ಸ್ಟೇಷನ್ನಿನ ಆಪರೇಟರಿಗೆ ಫೋನು ಮಾಡಿ ಲೈನ್ ಕ್ಲಿಯರ್ ತೆಗೆದುಕೊಂಡೆ. ಲೈನು ಆರಿಸಿದ್ದೇನೆ, ಮುಟ್ಟಬಹುದು ಎಂದು ಆತ ಕೊಡುವ ಮಾತಿಗೆ ಹಾಗೆನ್ನುತ್ತೇವೆ. ಇಡೀ ಲೈನು ಆರಿದ ಮೇಲೆ ಕವಲಿನ ಸ್ವಿಚ್ಚಿನ ಹಿಡಿ ಕೆಳಗೆಳೆದೆ. ಮೇಲೆ ತಂತಿಗಳನ್ನು ಕೂಡಿಸುವ ಮೂರೂ ಕತ್ತಿಗಳು ಬಿಚ್ಚಿಕೊಂಡದ್ದನ್ನು ಇಬ್ಬರಿಗೂ ತೋರಿಸಿದೆ. ಬೀಗ ಹಾಕಿಸಿದೆ. ಕೀಲಿಯನ್ನು ವಿಜಯಪುರದವನ ಅಂಗಿಯ ಜೇಬಿಗಿಟ್ಟು ಗುಂಡಿ ಹಾಕಿದೆ. ಆಮೇಲೆ ಆಪರೇಟರಿಗೆ ಮತ್ತೆ ಫೋನು ಮಾಡಿ, ಬೇರೆ ಊರುಗಳಿಗೆ ಕರೆಂಟು ಬಿಡಬಹುದು ಎಂದೆ. ಬಿಟ್ಟ. ಈಗ ಸ್ವಿಚ್ಚಿನವರೆಗೆ ಲೈನಿಗೆ ಜೀವ, ಸ್ವಿಚ್ಚಿನಿಂದಾಚೆ ಇಲ್ಲ. ನಡುವೆ ಇರುವುದು ಆ ಹಿಡಿ ಒಂದೇ.

ಯಳಂದೂರಿನವನನ್ನು ಸ್ವಿಚ್ಚಿನ ಹತ್ತಿರ ನಿಲ್ಲಿಸಿದೆ. "ಏನೇ ಆದ್ರೂ ಇಲ್ಲಿಂದ ಅಲ್ಲಾಡ್ಬಾರ್ದು. ಯಾರನ್ನೂ ಅತ್ರುಕ್ಕೆ ಸೇರಿಸ್ಬಾರ್ದು."

"ಆಯ್ತು ಸಾ."

ಪಿಂಗಾಣಿ ಒಡೆದದ್ದು ಅಲ್ಲಿಂದ ಐದನೆಯ ಕಂಬದಲ್ಲಿ. ಅಲ್ಲಿ ನಿಂತು ನೋಡಿದರೆ ಸ್ವಿಚ್ಚಿನ ಬಳಿಯ ಆಳು ಹೆಬ್ಬೆರಳಷ್ಟು ಕಾಣುತ್ತಾನೆ. ನಮ್ಮ ಹತ್ತಿರ ಎರಡು ಅರ್ಥ್ ರಾಡ್ ಇರಬೇಕಿತ್ತು. ಉದ್ದನೆಯ ಕೋಲಿನ ತುದಿಯ ಕೊಕ್ಕೆಯನ್ನು ತಂತಿಗೆ ಸಿಕ್ಕಿಸಿ, ಅದರ ಬಾಲದ ತಂತಿಯನ್ನು ನೆಲದಲ್ಲಿ ಹೂಳುವುದು. ತಪ್ಪಿ ಕರೆಂಟು ಬಂದರೆ ಮನುಷ್ಯನನ್ನು ಬಿಟ್ಟು ನೆಲಕ್ಕೆ ಇಳಿಯಲಿ ಎಂದು. ಎರಡನೆಯದರ ಕೊಕ್ಕೆ ಮುರಿದು ಸ್ಟೋರಿಗೆ ಹೋಗಿತ್ತು. ಇದ್ದ ಒಂದನ್ನು ಸ್ವಿಚ್ಚಿನ ಕಡೆಯ, ಹಿಂದಿನ ಕಂಬದ ಬಳಿ ಸಿಕ್ಕಿಸಿದೆ. ಅಷ್ಟು ಸಾಕು. ಸಾಕು ಎಂದು ಆಗ ಅನ್ನಿಸಿತು.

ವಿಜಯಪುರದವನು ಹತ್ತಿದ. ನಾನು ಕೆಳಗೆ ನಿಂತೆ. ಪ್ರತಿ ಹೊಸಬ ಹತ್ತುವಾಗಲೂ, ಎಲ್ಲ ಸರಿ ಇದೆ ಎಂದು ಗೊತ್ತಿದ್ದೂ ಮಡಚದ ಆ ಎರಡು ಬೆರಳು ತಣ್ಣಗಾಗುತ್ತವೆ. ಅವನು ಒಡೆದ ಪಿಂಗಾಣಿ ಬಿಚ್ಚಿ ಇಳಿಸಿದ. ಹೊಸದನ್ನು ಹಗ್ಗದಲ್ಲಿ ಕಳಿಸಿದೆ. ಸ್ವಲ್ಪ ಹೊತ್ತಿಗೆ ಮೇಲಿಂದ ಕೂಗಿದ.

"ಸರ, ಮರಿ ಕೂಡವಲ್ದ್ರಿ. ಪಿನ್ನೀಗೆ ಹತ್ತವಲ್ದು."

ಮರಿ ಎಂದರೆ ಪಿಂಗಾಣಿಯೊಳಗಿನ ತಿರುಪು; ಅದು ಕೆಟ್ಟಿತ್ತು. ಇನ್ನೊಂದು ಪಿಂಗಾಣಿ ಬೈಕಿನ ಪೆಟ್ಟಿಗೆಯಲ್ಲಿತ್ತು. ಬೈಕು ಸ್ವಿಚ್ಚಿನ ಬಳಿ. ನಾನು ಯಳಂದೂರಿನವನಿಗೆ ಫೋನು ಮಾಡಿ, ಪೆಟ್ಟಿಗೆಯಲ್ಲಿರುವುದನ್ನು ತೆಗೆದುಕೊಂಡು ಬಾ ಎಂದೆ.

ಅಲ್ಲಾಡಬೇಡ ಎಂದವನೂ ನಾನೇ, ಬಾ ಎಂದವನೂ ನಾನೇ. ಅವನ ಜಾಗದಲ್ಲಿ ವಿಜಯಪುರದವನಿದ್ದಿದ್ದರೆ, "ಮತ್ತ ಸ್ವಿಚ್ ಯಾರು ಕಾಯ್ತಾರ್ರಿ ಸರ?" ಎಂದು ಕೇಳಿರುತ್ತಿದ್ದ. ಇವನು "ಆಯ್ತು ಸಾ" ಎಂದ. ನಾನು ಯಾಕೆ ಹಾಗೆ ಮಾಡಿದೆ? ಬೀಗವಿದೆಯಲ್ಲ, ಕೀಲಿ ಮೇಲಿರುವವನ ಜೇಬಿನಲ್ಲಿದೆಯಲ್ಲ ಎಂದು. ಹತ್ತು ದಿನ ಅವರಿಗೆ ಹೇಳಿ ಹೇಳಿ ನಾನೇ ನಂಬಿಬಿಟ್ಟಿದ್ದೆ.

ಅವನು ಪಿಂಗಾಣಿ ತಂದು ಕೊಟ್ಟ. ಹಗ್ಗಕ್ಕೆ ಕಟ್ಟಿದೆ, ಮೇಲೆ ಹೋಯಿತು. ರಸ್ತೆಯಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರ ಒಂದು ಗುಂಪು ಬರುತ್ತಿತ್ತು. "ಉಘೇ ಮಾದಪ್ಪ" ಎಂದು ಕೂಗುತ್ತ, ಒಬ್ಬ ತಮಟೆ ಬಡಿಯುತ್ತ. ಆ ಸದ್ದಿಗೆ ತಿರುಗಿದವನು ಹಾಗೆಯೇ ಸ್ವಿಚ್ಚಿನ ಕಡೆ ನೋಡಿದೆ. ಬಿಳಿ ಪಂಚೆಯ ಒಬ್ಬರು ಹಿಡಿಯ ಮುಂದೆ ಬಗ್ಗಿದ್ದರು. ಲೈನಿನ ಕೆಳಗಿನ ಅರಿಶಿನದ ಹೊಲದ ಯಜಮಾನರು. ಮೋಟರು ಹಾಕುವ ಹೊತ್ತಾಗಿತ್ತು.

ಬಗ್ಗಿದ್ದವರು ನೆಟ್ಟಗಾದರು. ಹಿಡಿ ಮೇಲೇರಿ ಬಿಸಿಲಿಗೆ ಮಿಂಚಿತು.

ಇದನ್ನು ಎರಡು ರೀತಿಯಲ್ಲಿ ಬರೆಯಬಲ್ಲೆ. ವರದಿಯಲ್ಲಿ ಬರೆದದ್ದು ಹೀಗೆ: ಓಡಿದರೆ ತಲುಪುವುದಿಲ್ಲ, ಕೂಗಿದರೆ ಗುಂಪಿನ ಸದ್ದಿನಲ್ಲಿ ಕೇಳಿಸುವುದಿಲ್ಲ ಎಂದು ತಿಳಿದು, ಕಂಬದ ಬುಡದಲ್ಲಿಯೇ ನಿಂತು ಸೀಟಿ ಊದಲು ನಿರ್ಧರಿಸಿದೆ. ಇನ್ನೊಂದು ಹೀಗೆ: ಓಡಬೇಕೆಂದು ಅನ್ನಿಸಿತು, ಕಾಲು ಬರಲಿಲ್ಲ. ಕೈ ತಾನಾಗಿ ಕೊರಳಿನ ದಾರಕ್ಕೆ ಹೋಯಿತು. ಬಾಯಿ ಒಣಗಿ ಸೀಟಿಯಿಂದ ಮೊದಲು ಬರೀ ಗಾಳಿ ಬಂತು. ಎರಡನೆಯ ಸಲ ಸದ್ದು ಬಂತು. ಎರಡನೆಯ ರೀತಿ ನಿಜಕ್ಕೆ ಹತ್ತಿರ ಎಂದು ತೋರುತ್ತದೆ, ಆದರೆ ಅದು ನನ್ನನ್ನು ಹೆಚ್ಚು ನಾಚಿಸುತ್ತದೆ ಎಂಬ ಕಾರಣಕ್ಕೇ ಅದನ್ನು ನಂಬುತ್ತಿದ್ದೇನೆಯೋ ಏನೋ.

ಊದುತ್ತಲೇ ಮೇಲೆ ನೋಡಿದೆ. ಅವನು ಮೂರನೆಯ ಸಲದಂತೆ ಕೆಳಗೆ ನೋಡಿ ನಗುತ್ತಾನೆ ಎಂದೇ ಕಾದೆ. "ಸುಮ್ಮ ಊದೀರಿ ಸರ" ಎನ್ನುತ್ತಾನೆ, ಹಾಗೆನ್ನುವಾಗ ಒಂದು ಕೈ ತಂತಿಯ ಮೇಲಿರುತ್ತದೆ. ಅಷ್ಟು ಭಯವನ್ನು ನಾನು ನನ್ನ ಬೆರಳು ಸುಟ್ಟಾಗಲೂ ಪಟ್ಟಿರಲಾರೆ. ಅವನ ಎರಡೂ ಕೈ ತಂತಿಯಿಂದ ಎದ್ದವು. ಬೆಲ್ಟಿಗೆ ಒರಗಿದ. ಮುಖದ ಹತ್ತಿರ ಟವಲು ಕಂಡಿತು.

ಅದೇ ಹೊತ್ತಿಗೆ ಟಪ್ ಎಂದು ಒಂದು ಸದ್ದು. ಅರ್ಥ್ ರಾಡಿನ ಕಡೆಯಿಂದಲೇ ಇರಬೇಕು. ತಮಟೆಯೂ ಇರಬಹುದು. ನನ್ನ ಪಕ್ಕದಲ್ಲಿ ಯಳಂದೂರಿನವನಿರಲಿಲ್ಲ. ಆಗಲೇ ಸ್ವಿಚ್ಚಿನ ಕಡೆಗೆ ಓಡುತ್ತಿದ್ದ. ಎಷ್ಟೋ ದೂರ ಹೋಗಿಬಿಟ್ಟಿದ್ದ. ಯಾವಾಗ ಹೊರಟನೋ ನಾನು ನೋಡಲಿಲ್ಲ.

ಫೋನು ಬಡಿದುಕೊಂಡಿತು. ಸ್ಟೇಷನ್ನಿನ ಆಪರೇಟರು.

"ಮೇಸ್ತ್ರೀ, ಲೈನ್ ಟ್ರಿಪ್ ಆಗಿ ಬಿದ್ದೋಯ್ತು. ಏನ್ ಮಾಡ್ತಿದ್ದೀರಿ ಅಲ್ಲಿ? ತಿರ್ಗಾ ಆಕ್ಲಾ?"

"ಆಕ್ಬ್ಯಾಡ ಕಣಪ್ಪಾ! ಆಕ್ಬ್ಯಾಡ! ನಾನೇ ಫೋನ್ ಮಾಡೋಗಂಟ ಮುಟ್ಬ್ಯಾಡ."

"ಯಾಕಿಂಗ್ ಬಡ್ಕತೀರಿ, ಮುಟ್ಟಾಕಿಲ್ಲ ಬುಡಿ."

ವಿಜಯಪುರದವನನ್ನು ಇಳಿಸಿದೆ.   ಇಬ್ಬರೂ ಸ್ವಿಚ್ಚಿನ ಕಡೆ ನಡೆದೆವು.

ಹಿಡಿ ಕೆಳಗಿತ್ತು.

ಬೀಗ ತೆರೆದು ಕೊಂಡಿಯಲ್ಲಿ ನೇತಾಡುತ್ತಿತ್ತು, ಅದರೊಳಗೆ ಒಂದು ಕೀಲಿ. ಯಜಮಾನರು ಪಕ್ಕಕ್ಕೆ ನಿಂತು ಟವಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದರು. ಯಳಂದೂರಿನವನು ಏದುಸಿರು ಬಿಡುತ್ತ ಹಿಡಿಗೂ ಅವರಿಗೂ ನಡುವೆ ನಿಂತಿದ್ದ.

"ಇಡಿ ಎತ್ತಿದ್ರಾ ಯಜಮಾನ್ರೇ?"

"ನಾನ್ಯಾಕ್ ಎತ್ಲಿ? ಬೀಗ ತೆಗ್ದೆ, ಅಷ್ಟರಲ್ಲಿ ಈ ಉಡ್ಗ ಅರ್ಚ್ಕಂಡ್ ಬಂದ. ಇಡಿ ಮುಟ್ನಿಲ್ಲ ಕಣ್ರಿ, ಮಾದಪ್ಪನ ಆಣೆ."

"ಮೇಲೆ ಮನುಷ್ಯ ಅವ್ನಲ್ಲಾ, ಕಾಣ್ನಿಲ್ವಾ?"

"ಬೈಕಿತ್ತು, ಜನ ಇರ್ನಿಲ್ಲ. ಯಾರೋ ಬೀಗ ಆಕಿ ಮರ್ತು ಓಗವ್ರೆ ಅಂದ್ಕಂಡಿ. ಮೇಲೆ ನೋಡ್ನಿಲ್ಲ. ನೋಡ್ಬೇಕಾಗಿತ್ತು." ಕೊನೆಯ ಮಾತು ಹೇಳುವಾಗ ಅವರ ದನಿ ಇಳಿಯಿತು.

ನಾನು ಯಳಂದೂರಿನವನ ಕಡೆ ತಿರುಗಿದೆ. "ನೀ ಬಂದಾಗ ಇಡಿ ಎಲ್ಲಿತ್ತು?"

"ಕೆಳ್ಗೇ ಇತ್ತು ಸಾ."

"ಸರ್ಯಾಗ್ ನೋಡ್ದಾ?"

"ಊ ಸಾ. ಕೆಳ್ಗೇ ಇತ್ತು."

ಅವನ ಬಲ ಅಂಗೈಗೆ ತುಕ್ಕು ಮೆತ್ತಿತ್ತು. ಬೆಳಗ್ಗೆ ಬೀಗ ಹಾಕುವಾಗ ಹಿಡಿ ಒತ್ತಿ ಹಿಡಿದವನು ಅವನೇ, ಆಗಿನದೂ ಇರಬಹುದು. ನಾನು ನೋಡುತ್ತಿರುವುದು ತಿಳಿದು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಈ ಕೀಲಿ ಯಾರು ಕೊಟ್ರು ನಿಮ್ಗೆ?" ಎಂದು ಯಜಮಾನರನ್ನು ಕೇಳಿದೆ.

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಮರ್ತ್ಬುಟ್ರಾ ಮೇಸ್ತ್ರೀ? ನೀವೇ ಅಲ್ವಾ ಕೊಟ್ಟಿದ್ದು. ಆವತ್ತು ಆ ಪಾಟಿ ಮಳೆ ಉಯ್ತಿರ್ಲಿಲ್ವಾ? ದಿನಾ ಇಷ್ಟು ದೂರ ಬರಕ್ಕಾಗಕಿಲ್ಲ, ಮಡಿಕ್ಕಳಿ ಅಂದ್ರಿ."

ವಿಜಯಪುರದವನು ಬೀಗದಲ್ಲಿದ್ದ ಕೀಲಿಯನ್ನು ಮೆಲ್ಲಗೆ ಎಳೆದು ತೆಗೆದ. ಅಂಗಿಯ ಗುಂಡಿ ಬಿಚ್ಚಿ ತನ್ನ ಜೇಬಿನ ಕೀಲಿಯನ್ನೂ ತೆಗೆದ. ಒಂದರ ಮೇಲೊಂದಿಟ್ಟು ಬಿಸಿಲಿಗೆ ಹಿಡಿದ. ಹಲ್ಲಿಗೆ ಹಲ್ಲು ಕೂತವು. 

"ಅಂದ್ರ, ನನ್ನ ಕಿಸೆದಾಗಿದ್ದದ್ದು ಏನ್ರಿ ಸರ ಇದು?"



ಆ ದಿನದ ಉಳಿದ ಕೆಲಸ ಮುಗಿಸಿದೆವು. ಬೇರೆ ಬೀಗವಿರಲಿಲ್ಲ. ನಾನೇ ಹಿಡಿಯ ಬುಡದಲ್ಲಿ ಬೆನ್ನು ಕೊಟ್ಟು ಕೂತೆ, ಯಳಂದೂರಿನವನು ಕಂಬದ ಕೆಳಗೆ ನಿಂತ. ವಿಜಯಪುರದವನು ಮತ್ತೆ ಹತ್ತಿದ. ಹತ್ತುತ್ತಾನೆ ಎಂದು ನಾನು ಅಂದುಕೊಂಡಿರಲಿಲ್ಲ. ಹತ್ತು ಎಂದು ಹೇಳಲೂ ಇಲ್ಲ.  

ಮುಗಿಸಿ, ಹುಣಸೆಮರದ ಕೆಳಗೆ ರೊಟ್ಟಿ ಬಿಚ್ಚಿದಾಗ ಅವನು ಕೇಳಿದ. "ಸರ, ಇವತ್ತ ಖರೇನ ಊದಿದ್ರೇನ್ರಿ, ಸುಮ್ಮ ಊದಿದ್ರೇನ್ರಿ?"

"ನಿಜವಾಗ್ಲೂ ಊದಿದ್ದು ಕಣ್ಲಾ."

 ಅವನು ಮುರಿದ ರೊಟ್ಟಿಯನ್ನು ಯಳಂದೂರಿನವನ ಮುಂದಿಟ್ಟು, "ತಿನ್ನಪಾ, ನನಗ ಸೇರವಲ್ದು" ಎಂದ. ಇವನು ಯಾವಾಗಿನಂತೆ ಆಯ್ತು ಎನ್ನಲಿಲ್ಲ. ತಲೆ ತಗ್ಗಿಸಿ ಕೂತಿದ್ದ.

ನಾನು ಅರ್ಥ್ ರಾಡಿನ ಕೊಕ್ಕೆಯನ್ನು ಬಿಚ್ಚಿ ನೋಡಿದೆ. ಕರೆಂಟು ಇಳಿದಿದ್ದರೆ ಸುಟ್ಟ ಗುರುತಿರಬೇಕು. ಗುರುತು ಇತ್ತು. ಆದರೆ ಅದು ಹಳೆಯ ರಾಡು, ಹಳೆಯ ಗುರುತುಗಳೇ ಬೇಕಾದಷ್ಟಿದ್ದವು. ಉಗುರಿನಿಂದ ಕೆರೆದು ನೋಡಿದೆ. ಹೊಸದು ಯಾವುದು, ಹಳೆಯದು ಯಾವುದು ಹೇಳಲಾಗಲಿಲ್ಲ. ಸಂಜೆ ಆಪರೇಟರು ಫೋನು ಮಾಡಿ, ಅದೇ ಲೈನಿನ ಇನ್ನೊಂದು ತುದಿಯಲ್ಲಿ ತೆಂಗಿನ ಗರಿ ತಂತಿಗೆ ಬಿದ್ದದ್ದು ಸಿಕ್ಕಿತು, ಲೈನು ಬಿದ್ದದ್ದು ಅದಕ್ಕೇ ಇರಬೇಕು, ಪುಸ್ತಕದಲ್ಲಿ ಹಾಗೇ ಬರೆದಿದ್ದೇನೆ ಎಂದ. ಗರಿ ಯಾವಾಗ ಬಿತ್ತು ಎಂದು ಕೇಳಿದೆ. "ಗರಿ ಏಳ್ಬುಟ್ಟು ಬೀಳ್ತದಾ ಮೇಸ್ತ್ರೀ?" ಎಂದು ನಕ್ಕ. ಹೇಳಿಬಿಟ್ಟು ಬೀಳುವುದಿಲ್ಲ, ನಿಜ.

ನಾನು ಸುಮ್ಮನಿದ್ದುಬಿಡಬಹುದಿತ್ತು. ಹಿಡಿ ಎತ್ತಲಿಲ್ಲ ಎನ್ನುವವರು ಇಬ್ಬರು, ತೆಂಗಿನ ಗರಿ ಒಂದು, ಮೇಲಿದ್ದವನಿಗೆ ಏನೂ ಆಗಿಲ್ಲ. ಎರಡು ದಿನ ಹಾಗೆಯೇ ಇದ್ದೆ. ಆ ಎರಡು ದಿನವೂ ಅವರಿಬ್ಬರನ್ನು ಕಂಬ ಹತ್ತಲು ಬಿಡಲಿಲ್ಲ. ಮೀಟರಿನ ದೂರುಗಳಿಗೆ ಕರೆದುಕೊಂಡು ಅಲೆದೆ. ಸೆಕ್ಷನ್ನಿನ ವ್ಯಾನಿನ ಹಿಂದಿನ ಸೀಟಿನಲ್ಲಿ ವಿಜಯಪುರದವನು ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ್ದ. ಹನೂರಿನಲ್ಲಿ ಟೀ ಕುಡಿಯುವಾಗ ನಾನು ಒಂದು ಮೀಟರಿನ ಸಂಪರ್ಕದ ಬಗ್ಗೆ ಏನೋ ಹೇಳಿದೆ. "ಆತ್ರಿ ಸರ" ಎಂದ. ಅಷ್ಟೇ. ಆ ಮಾತು ಕೇಳಿ ನನಗೆ ಕಂಬದ ಕೆಳಗಿನದಕ್ಕಿಂತ ಹೆಚ್ಚು ಭಯವಾಯಿತು. ಇನ್ನು ಇಬ್ಬರೂ ಆಯ್ತು ಎನ್ನುವವರೇ.

ಮೂರನೆಯ ದಿನ ಕೂತು ಬರೆದೆ. ಎಲ್ಲ ಬೀಗಕ್ಕೂ ಒಂದೇ ಕೀಲಿ ಎಂದು, ಹಾಗೆ ಮಾಡಿಸಿದವನು ನಾನು ಎಂದು, ಕಾಯುವವನನ್ನು ಕರೆದವನೂ ನಾನೇ ಎಂದು. ಹಿಡಿ ಮೇಲೇರಿದಂತೆ ಕಂಡಿತು ಎಂದು. ಸೆಕ್ಷನ್ ಸಾಹೇಬರು ಓದಿ ಪೆನ್ನಿನಿಂದ ಆ ಸಾಲನ್ನು ತಟ್ಟಿದರು.

"ಏರಿತ್ತಾ, ಇಲ್ವಾ? ಒಂದನ್ನ ಬರೀರಿ ಮೇಸ್ತ್ರಿ. ಕಂಡಿತು ಅಂದ್ರೆ ಮೇಲಿನವರು ನನ್ನ ಕೇಳ್ತಾರೆ."

"ಕಂಡಿದ್ದು ಅಷ್ಟೇ ಸಾ."

"ಏರಿಲ್ಲ ಅಂತ ಬರೆದ್ರೆ ಇದು ಹೊಸ ಬೀಗ ತರಿಸೋ ಇಂಡೆಂಟು ಅಷ್ಟೇ, ನಾಳೆನೇ ಸಹಿ ಮಾಡ್ತೀನಿ. ಏರಿತ್ತು ಅಂತ ಬರೆದ್ರೆ ನಿಮ್ಮ ಮೇಲೆ ವಿಚಾರಣೆ. ಕಂಡಿತು ಅಂದ್ರೆ ಎರಡೂ ಅಲ್ಲ."

ಸಾಲನ್ನು ಹಾಗೆಯೇ ಬಿಟ್ಟೆ. ಎರಡು ಹಾಳೆಗಳನ್ನೂ ಸಹಿಯಿಲ್ಲದೆ ಅವರ ಮೇಜಿನ ಮೇಲಿಟ್ಟು, ಇನ್ನೂ ಹದಿನೈದು ದಿನ ಬೇಕು ಎಂದೆ. ಅವರಿಗೆ ಸಿಟ್ಟು ಬಂತು. ಹುಡುಗರು ಸರಿಯಿಲ್ಲವೇ ಎಂದು ಕೇಳಿದರು. ಹುಡುಗರು ಸರಿಯಿದ್ದಾರೆ, ನಾನು ಕಲಿಸಿದ್ದು ಸರಿಯಿಲ್ಲ ಎಂದೆ. ವಿಚಾರಣೆ ಬಂತು, ಹೋಯಿತು. ಅದರ ಕತೆ ಇಲ್ಲಿ ಬೇಡ.

ಆ ಹದಿನೈದು ದಿನ ನಾವು ಮೂವರೂ ಮಾಡಿದ ಮುಖ್ಯ ಕೆಲಸ, ಹೊಲಹೊಲ ತಿರುಗಿ ಕೀಲಿ ಕೇಳಿದ್ದು. ಕೊಡಲು ಯಾರೂ ಹಿಂದೆಮುಂದೆ ನೋಡಲಿಲ್ಲ. ಮೋಟರು ಮನೆಯ ಕೀಲಿಯ ಜೊತೆಗೇ, ಅದೇ ದಾರದಲ್ಲಿ, ನಮ್ಮ ಕೀಲಿಯೂ ಇರುತ್ತಿತ್ತು. ಕೆಲವನ್ನು ಕೊಳ್ಳೇಗಾಲದ ಸಂತೆಯಲ್ಲಿ ಕೂತು ಕೀಲಿ ಮಾಡುವವನ ಹತ್ತಿರ ಉಜ್ಜಿಸಿದ್ದರು. "ಅಯ್ಯೋ, ಎಲ್ರತ್ರಾನೂ ಅದೆ ತಕಳಿ ಸಾ" ಎಂದು ಒಬ್ಬಾಕೆ ಎರಡು ಕೊಟ್ಟಳು. ಅರಿಶಿನದ ಯಜಮಾನರು ಬಾಳೆಹಣ್ಣು ಕೊಟ್ಟು ಕೂರಿಸಿ, ತಮ್ಮದನ್ನು ಆ ದಿನವೇ ವಿಜಯಪುರದವನು ಇಟ್ಟುಕೊಂಡನೆಂದು ನೆನಪಿಸಿದರು. ಒಂದು ಬಿಸ್ಕತ್ತಿನ ಡಬ್ಬ ತುಂಬಿತು. ವಿಜಯಪುರದವನು ಅದನ್ನು ಅಲ್ಲಾಡಿಸಿ ಸದ್ದು ಮಾಡಿ, "ಇಷ್ಟು ಮಂದಿ ಕಿಸೆದಾಗಿದ್ದೆ ನೋಡ್ರಿ ನಾನು" ಎಂದ. ಬಹಳ ದಿನದ ಮೇಲೆ ನಕ್ಕಿದ್ದ. ಯಳಂದೂರಿನವನೂ ನಕ್ಕ. ನನಗೆ ಆಗಲಿಲ್ಲ.

ಹೊಸ ಬೀಗಗಳು ಬಂದವು, ಒಂದೊಂದಕ್ಕೂ ಬೇರೆ ಕೀಲಿ. ಬೀಗದ ಜೊತೆ ಬಂದ ಜೋಡಿ ಕೀಲಿಗಳನ್ನು ಅವರಿಬ್ಬರ ಎದುರಿಗೇ ಕಲ್ಲಿನ ಮೇಲಿಟ್ಟು ಸುತ್ತಿಗೆಯಲ್ಲಿ ಬಡಿದೆ. ಆಮೇಲೆ ಸಹಿ ಹಾಕಿದೆ. 

ಸಹಿ ಹಾಕುವ ಮೊದಲು ಯಳಂದೂರಿನವನನ್ನು ಒಬ್ಬನೇ ಕರೆದು ಕೇಳಿದೆ. "ಈಗ್ಲಾದ್ರೂ ಏಳು. ನಾನೇನೂ ಬರಿಯಾಕಿಲ್ಲ. ಇಡಿ ಮೇಲಿತ್ತಾ? ನೀ ಇಳಿಸ್ದಾ?"

ಅವನು ನನ್ನ ಬೆರಳುಗಳನ್ನು ನೋಡಿದ. "ಸಾ, ನಿಮ್ಗೆ ಬೆರಳು ಸುಟ್ಟಿದ್ದು ಯಾವ ಕಂಬ ಅಂತ ಗೊತ್ತಿಲ್ಲ ಅಲ್ವಾ?" ಎಂದ.

"ಇಲ್ಲ."

"ನಂಗೂ ಅಂಗೇ ಸಾ. ಓಡಿದ್ದು ಗೊತ್ತು. ನಿಂತಿದ್ದು ಗೊತ್ತು."

ವಿಜಯಪುರದವನು ಈಗ ರಾಮಾಪುರದ ಕಡೆ ಒಬ್ಬನೇ ಕೆಲಸ ಮಾಡುತ್ತಾನೆ. ಅವನ ಮೊದಲ ಒಂಟಿ ದಿನ, ಕೀಲಿಯನ್ನು ಜೇಬಿಗೆ ಹಾಕಿ ಗುಂಡಿ ಹಾಕಿಕೊಳ್ಳುತ್ತ, ಅಂದು ಸೀಟಿ ಕೇಳಿಸಿತ್ತೇ ಎಂಬ ನನ್ನ ಪ್ರಶ್ನೆಗೆ ಉತ್ತರ ಕೊಟ್ಟ. "ಕೇಳಿಸಿತ್ತು ಅಂತ ಅನಸ್ತೈತ್ರಿ ಸರ. ಕಣ್ಣಾಗ ಬೆವರ ಇಳದಿತ್ತು, ಟವಲ್ಲಿಂದ ವರಸ್ಕೊಳ್ಳಾಕ ಕೈ ತಗದಿದ್ನೋ ಏನೋ. ಎರಡೂ ಒಮ್ಮೆಲೆ ಆದ್ವೇನೋ." ಆಮೇಲೆ ಅವನೇ ಕೇಳಿದ: "ಇದರ ಜೋಡಿ ಕೀಲಿ ಇನ್ಯಾರ ಹತ್ರಾನೂ ಇಲ್ಲಲ್ರಿ?" ಇಲ್ಲ ಎಂದೆ. ಅವನು ಜೇಬನ್ನು ಮುಟ್ಟಿ ನೋಡಿಕೊಂಡು ಬೈಕು ಹತ್ತಿದ. ಅಂದಿನಿಂದ ಮಧ್ಯಾಹ್ನದ ಹೊತ್ತಿಗೆ ಅವನ ಫೋನು ಬರುವವರೆಗೆ ನನಗೆ ಊಟ ಇಳಿಯುವುದಿಲ್ಲ.

ಹಿಡಿ ನನಗೆ ಈಗಲೂ ಮೇಲೇರಿ ಮಿಂಚುತ್ತದೆ. ಮಳೆಯ ದಿನವೂ ಈಗ ಕಾಣುತ್ತದೆ: ಒದ್ದೆ ಪಂಚೆಯ ಯಜಮಾನರು, ಚಾಚಿದ ಅವರ ಅಂಗೈ, ಅದರ ಮೇಲೆ ನಾನು ಇಡುತ್ತಿರುವ ಕೀಲಿ. ಆದರೆ ಅದು ಕಾಣತೊಡಗಿದ್ದು ಅವರು ಹೇಳಿದ ಮೇಲೆ, ಅದಕ್ಕೆ ಮೊದಲಲ್ಲ. ಕೀಲಿಯನ್ನು ಕೊಟ್ಟವನು ನಾನೇ ಹೌದೋ ಅಲ್ಲವೋ, ನನಗೆ ಗೊತ್ತಿಲ್ಲ.